ಪೀಚ್ ಬೋರ್ಡಿನ ಕಾರು

ಆ ವರ್ಷ ನನಗೆ ಏನೂ ಅನ್ನಿಸುತ್ತಿರಲಿಲ್ಲ. ದುಃಖ ಅಂತಲೂ ಅಲ್ಲ, ಬೇಜಾರು ಅಂತಲೂ ಅಲ್ಲ. ಬಹಳ ಹೊತ್ತು ಚಕ್ಕಳಮಕ್ಕಳ ಹಾಕಿ ಕೂತರೆ ಕಾಲು ಜೋಮು ಹಿಡಿಯುತ್ತದಲ್ಲ, ಹಾಗೆ ಒಳಗೆಲ್ಲ ಜೋಮು ಹಿಡಿದಿತ್ತು. ಹಿಂದಿನ ವರ್ಷ, ಕೊರೋನಾದ ಎರಡನೇ ಅಲೆಯಲ್ಲಿ, ಮೈಸೂರಿನಲ್ಲಿ ನಮ್ಮಪ್ಪ ಹೋದರು. ನಾನು ಇಲ್ಲಿ ಅಮೆರಿಕದಲ್ಲಿ, ಮಾರಿಸ್‌ವಿಲ್ಲಿನ ಟೌನ್‌ಹೌಸಿನ ಮೇಲಿನ ಕೋಣೆಯಲ್ಲಿ ಲ್ಯಾಪ್‌ಟಾಪಿನ ಮುಂದೆ ಇದ್ದೆ. ವೀಸಾ ಸ್ಟ್ಯಾಂಪಿಂಗ್ ಆಗಿರಲಿಲ್ಲ, ಹೋದರೆ ವಾಪಸು ಬರುವ ಖಾತ್ರಿ ಇರಲಿಲ್ಲ, ಹೋಗಲಿಕ್ಕೆ ಸರಿಯಾದ ವಿಮಾನವೂ ಇರಲಿಲ್ಲ. ಅವತ್ತು ಸಾಯಂಕಾಲ ಮಕ್ಕಳಿಗೆ ಚಪಾತಿ ಲಟ್ಟಿಸಿದೆ, ಮಾರನೆಯ ದಿನ ಆಫೀಸಿನ ಮೀಟಿಂಗಿಗೆ ಹಾಜರಾದೆ. ಅಳು ಬರಲಿಲ್ಲ. ಬರುತ್ತದೆ, ಬರುತ್ತದೆ ಅಂತ ಕಾದೆ, ಆಮೇಲೆ ಕಾಯುವುದನ್ನೂ ಬಿಟ್ಟೆ.

ಪಕ್ಕದ ಮನೆಯಲ್ಲಿ ಒಬ್ಬರು ಅಮೆರಿಕನ್ ಮುದುಕರಿದ್ದರು. ನಮ್ಮ ಸಾಲಿನಲ್ಲಿ ಒಗ್ಗರಣೆ ವಾಸನೆ ಬಾರದ ಮನೆ ಅದೊಂದೇ. ನಮ್ಮ ಮಕ್ಕಳು ಅವರನ್ನು ಅಂಕಲ್ ಎನ್ನುತ್ತಿದ್ದವು, ನಾನೂ ಹಾಗೇ ಕರೆಯುತ್ತಿದ್ದೆ, ಅವರು ಬೇಡ ಅನ್ನಲಿಲ್ಲ. ಎಂಬತ್ತರ ಹತ್ತಿರದ ವಯಸ್ಸು, ಮಂಡಿ ಕೆಟ್ಟಿತ್ತು, ಹೃದಯಕ್ಕೆ ಅದೇನೋ ಯಂತ್ರ ಇಟ್ಟಿದ್ದರು, ಡಾಕ್ಟರು ಡ್ರೈವಿಂಗ್ ಬಿಡಿಸಿದ್ದರು. ಕಾರಿಲ್ಲದೆ ಹಾಲು ಕೂಡ ತರಲಾಗದ ಈ ಊರಿನಲ್ಲಿ ಅದು ಗೃಹಬಂಧನವೇ. ನಾನು ದಿನಸಿಗೆ ಹೋಗುವಾಗ ಅವರನ್ನೂ ಕರೆದುಕೊಂಡು ಹೋಗುತ್ತಿದ್ದೆ. ಪರೋಪಕಾರ ಅಂತೇನಲ್ಲ. ಅವರು ಮಾತಾಡುತ್ತಿದ್ದರು, ನಾನು ಹೂಂಗುಟ್ಟಿದರೆ ಸಾಕಿತ್ತು.

ಹಾಗೆ ಹೂಂಗುಟ್ಟುತ್ತಾ ಇದ್ದಾಗಲೇ ಆ ಕಾರಿನ ಕಥೆ ನನ್ನ ಕಿವಿಗೆ ಬಿದ್ದದ್ದು. ಹಾಟ್ ರಾಡ್ ಅಂದರೆ ಏನೆಂದೇ ನನಗೆ ಗೊತ್ತಿರಲಿಲ್ಲ. ಮೂವತ್ತರ ದಶಕದ ಹಳೆಯ ಕಾರೊಂದನ್ನು ತಂದು, ಅದರ ಮಡ್‌ಗಾರ್ಡು ಕಿತ್ತು, ಟಾಪನ್ನು ಕತ್ತರಿಸಿ ಗಿಡ್ಡ ಮಾಡಿ ಮತ್ತೆ ಬೆಸೆದು, ಹೊಟ್ಟೆಗೆ ಹಿಡಿಸದಷ್ಟು ದೊಡ್ಡ ಎಂಜಿನ್ನು ತುರುಕಿ ಧೂಳೆಬ್ಬಿಸಿಕೊಂಡು ಓಡಿಸುವುದು. ಮಾಡಲು ಬೇರೆ ಕೆಲಸ ಇರಲಿಲ್ಲವೇ ಅನ್ನಿಸಿತು. ಸೌತ್ ಕ್ಯಾರೊಲಿನಾದ ಮೇಲ್ಭಾಗದಲ್ಲಿ ಅವರಪ್ಪನಿಗೆ ಪೀಚ್ ಹಣ್ಣಿನ ತೋಟವಿತ್ತಂತೆ. ಅಲ್ಲಿಯ ಕೊಟ್ಟಿಗೆಯಲ್ಲಿ ಅವರೂ ಅವರ ತಮ್ಮನೂ ಸೇರಿ ಇಂಥದ್ದೊಂದು ಕಾರು ಕಟ್ಟಿದ್ದರು. ಅಳತೆ ತಪ್ಪಿ, ಟಾಪನ್ನು ಹೊರುವ ಎಡಗಡೆಯ ಕಂಬ ಒಂಚೂರು ಜಾಸ್ತಿ ಕತ್ತರಿಸಿ ಹೋಗಿ, ಟಾಪು ಆ ಕಡೆ ವಾಲಿ, ಆ ಬದಿಯ ಕಿಟಕಿ ನಿದ್ದೆಗಣ್ಣಿನ ಹಾಗೆ ಕಾಣುತ್ತಿತ್ತಂತೆ. ಕಾರಿನ ತಳ ತುಕ್ಕು ಹಿಡಿದು ತೂತಾಗಿದ್ದ ಕಡೆ, ರಸ್ತೆ ಬದಿಯಲ್ಲಿ ಪೀಚ್ ಮಾರುತ್ತಿದ್ದ ಅಂಗಡಿಯ ತಗಡಿನ ಬೋರ್ಡನ್ನೇ ಕತ್ತರಿಸಿ ತೇಪೆ ಹಾಕಿದ್ದರು. ಅಕ್ಷರಗಳು ಮೇಲ್ಮುಖವಾಗಿದ್ದವು. ತಮ್ಮ ಓಡಿಸುತ್ತಿದ್ದ, ಇವರು ಪಕ್ಕದಲ್ಲಿ ಕೂತು ಆ ಅಕ್ಷರಗಳ ಮೇಲೆ ಕಾಲಿಡುತ್ತಿದ್ದರು.

ತಮ್ಮನ ಮದುವೆಯಾದಾಗ ಕಾರು ಮಾರಿದರು. ತಮ್ಮನೂ ಈಗಿಲ್ಲ, ಕೊರೋನಾಕ್ಕೆ ಮುಂಚೆಯೇ ಹೋಗಿದ್ದ. ಅವರಿಗೆ ಇದ್ದದ್ದು ಒಂದೇ ಆಸೆ. ಆ ಕಾರು ಎಲ್ಲಾದರೂ ಉಳಿದಿದ್ದರೆ ಒಂದು ಸಲ ಅದರಲ್ಲಿ ಕೂತು ಇಳಿಯಬೇಕು. ಕೊಳ್ಳುವುದು ಬೇಡ, ಓಡಿಸುವುದು ಬೇಡ. ಬರೀ ಕೂರುವುದು. ನೀನು ಕಂಪ್ಯೂಟರಿನವಳು, ಹುಡುಕಿಕೊಡು ಅಂದರು.

ನನ್ನ ಕೆಲಸ ಸಾಫ್ಟ್‌ವೇರ್ ಟೆಸ್ಟಿಂಗು. ಬೇರೆಯವರು ಬರೆದದ್ದರಲ್ಲಿ ತಪ್ಪು ಹುಡುಕಿ ಅವರ ಹೊಟ್ಟೆ ಉರಿಸುವುದೇ ನನ್ನ ಸಂಬಳದ ಕೆಲಸ. ಹಾಗಾಗಿ ಹುಡುಕುವುದು ಕಷ್ಟವೆನಿಸಲಿಲ್ಲ. ಹಳೇ ಕಾರಿನ ಹುಚ್ಚರು ಇಂಟರ್‌ನೆಟ್ಟಿನಲ್ಲಿ ಗುಂಪು ಕಟ್ಟಿಕೊಂಡಿರುತ್ತಾರೆ. ನಮ್ಮವರು ವಧೂವರರ ಜಾತಕ ಚರ್ಚೆ ಮಾಡುವಷ್ಟೇ ಶ್ರದ್ಧೆಯಿಂದ ಅವರು ಕಾರುಗಳ ಪೂರ್ವಾಪರ ಚರ್ಚೆ ಮಾಡುತ್ತಾರೆ. ಇಂಥ ಕಾರುಗಳಲ್ಲಿ ನಂಬರನ್ನು ನಂಬಲಾಗದು ಅಂತ ಅಲ್ಲೇ ತಿಳಿದದ್ದು. ಚಾಸಿ ಒಂದರದ್ದು, ಬಾಡಿ ಇನ್ನೊಂದರದ್ದು, ಎಂಜಿನ್ನು ಮತ್ತೊಂದರದ್ದು, ಕಾಗದಪತ್ರ ಯಾವುದರದ್ದೋ. ಕಟ್ಟಿದವನ ಕೈಗುರುತು ಸಿಕ್ಕಿದರೆ ಮಾತ್ರ ನಂಬಬಹುದು. ನಾನು ವಾಲಿದ ಟಾಪಿನ ವಿಷಯವನ್ನೂ ಪೀಚ್ ಬೋರ್ಡಿನ ವಿಷಯವನ್ನೂ ಬರೆದು ಹಾಕಿದೆ.

ಬಹಳ ದಿನ ಯಾರೂ ತಿರುಗಿ ನೋಡಲಿಲ್ಲ. ಆಮೇಲೆ ವಾಷಿಂಗ್ಟನ್ನಿನ ಪಕ್ಕದ ವರ್ಜೀನಿಯಾದಿಂದ ಒಬ್ಬರು ಫೋಟೋ ಕಳಿಸಿದರು. ಕೆಂಪು ಬಣ್ಣ ಬಳಿದು ಫಳಫಳ ಅನ್ನುತ್ತಿದ್ದ ಗಿಡ್ಡ ಕಾರು. ಎಡಗಡೆಯ ಕಿಟಕಿ ಮಾತ್ರ ತೂಕಡಿಸುತ್ತಿತ್ತು. ಅಂಕಲ್ಲಿಗೆ ಐಪ್ಯಾಡಿನಲ್ಲಿ ತೋರಿಸಿದೆ. ಅವರು ಕನ್ನಡಕ ಹಾಕಿ ನೋಡಿದರು, ತೆಗೆದು ನೋಡಿದರು, ಆಮೇಲೆ ತಿರುಗಿ ಕೂತು ಗೋಡೆ ನೋಡಿದರು. ನನಗೂ ಸಂತೋಷ ಆಗಬೇಕಿತ್ತು. ಆಗಿರಬಹುದು, ಗೊತ್ತಾಗಲಿಲ್ಲ.

ತಳದ ಫೋಟೋ ಕೇಳಿದೆ. ಬಂದ ಫೋಟೋದಲ್ಲಿ ಇದ್ದದ್ದು ಹೊಸ ತಗಡು. ಕಾರನ್ನು ಅಟ್ಲಾಂಟಾದ ಒಂದು ಗ್ಯಾರೇಜಿನಿಂದ ಕೊಂಡದ್ದು, ತಳ ಅಲ್ಲೇ ಬದಲಾಗಿರಬೇಕು ಅಂತ ಅವರು ಬರೆದರು. ನಮ್ಮ ಯಜಮಾನರ ಕಸಿನ್ ಒಬ್ಬರದ್ದು ಅದೇ ತಿಂಗಳು ಅಟ್ಲಾಂಟಾದಲ್ಲಿ ಗೃಹಪ್ರವೇಶವಿತ್ತು. ಹೇಗೂ ಹೋಗುತ್ತೇವಲ್ಲ, ಕೇಳಿಕೊಂಡೇ ಬರೋಣ ಅಂದುಕೊಂಡೆ.

ಗೃಹಪ್ರವೇಶದ ಊಟ ಮುಗಿಸಿ, ರೇಷ್ಮೆ ಸೀರೆಯಲ್ಲೇ, ಮುಡಿಯಲ್ಲಿ ಬಾಡಿದ ಮಲ್ಲಿಗೆ ಇಟ್ಟುಕೊಂಡೇ ಆ ಗ್ಯಾರೇಜಿಗೆ ಹೋದೆ. ಯಜಮಾನರು ಕಾರಿಂದ ಇಳಿಯಲಿಲ್ಲ, ಹೋಳಿಗೆ ತಿಂದ ಹೊಟ್ಟೆಯಲ್ಲಿ ಅವರಿಂದ ಏನೂ ಆಗುವ ಹಾಗಿರಲಿಲ್ಲ. ಗ್ಯಾರೇಜಿನವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ದಾರಿ ತಪ್ಪಿ ಬಂದಿದ್ದೀರಾ ಅಂತ ವಿಚಾರಿಸಿದ. ವಿಷಯ ಹೇಳಿದೆ. ಪೀಚ್ ಬೋರ್ಡು ಅನ್ನುತ್ತಿದ್ದ ಹಾಗೆ ಅವನ ಮುಖ ಅರಳಿತು. ಅದನ್ನು ನೋಡಿ ಅವರೆಲ್ಲ ನಕ್ಕಿದ್ದರಂತೆ, ಹಾಗಾಗಿ ನೆನಪಿತ್ತು. ಬಾಡಿ ಪೂರಾ ತುಕ್ಕು, ಒತ್ತಿದರೆ ಹಪ್ಪಳದ ಹಾಗೆ ಮುರಿಯುತ್ತಿತ್ತು. ಟಾಪೊಂದು ಚೆನ್ನಾಗಿತ್ತು. ಅದನ್ನು ಕತ್ತರಿಸಿ ಬೇರೊಂದು ಕಾರಿನ ಬಾಡಿಗೆ ಬೆಸೆದ. ಮಿಕ್ಕದ್ದೆಲ್ಲ ಗುಜರಿಗೆ ಹೋಯಿತು, ತಳವೂ ಹೋಯಿತು. ಅಲ್ಲಿ ಮೆಷಿನ್ನಿಗೆ ಹಾಕಿ ಅಪ್ಪಚ್ಚಿ ಮಾಡುತ್ತಾರೆ ಅಂತ ಎರಡು ಅಂಗೈಯನ್ನೂ ಒತ್ತಿ ತೋರಿಸಿದ. ಥ್ಯಾಂಕ್ಸ್ ಹೇಳಿ ಬಂದೆ.

“ಏನಂತೆ?” ಅಂದರು ಯಜಮಾನರು.

“ಕಾರು ಹೋಗೇ ಎಷ್ಟೋ ವರ್ಷ ಆಯ್ತಂತೆ. ಟಾಪ್ ಒಂದೇ ಅವರದ್ದು.”

“ಅಯ್ಯೋ ಪಾಪ. ನೋಡು, ಒಂದೇ ಸಲ ಹೇಳ್ಬಿಡ್ಬೇಡ ಕಣೇ. ಹಾರ್ಟ್ ಪೇಷಂಟು. ನಿಧಾನಕ್ಕೆ ಹೇಳು.”

ಅದನ್ನು ಅವರು ನನಗೆ ಹೇಳಿಕೊಡಬೇಕಾಗಿರಲಿಲ್ಲ. ಕೆಟ್ಟ ಸುದ್ದಿಯನ್ನು ನಮ್ಮ ಕಡೆ ಹೇಗೆ ಹೇಳುತ್ತಾರೆ ಅಂತ ಎಲ್ಲರಿಗೂ ಗೊತ್ತು. ಮೊದಲು ಸ್ವಲ್ಪ ಹುಷಾರಿಲ್ಲ ಅನ್ನುತ್ತಾರೆ. ಆಮೇಲೆ ಸೀರಿಯಸ್ಸು ಅನ್ನುತ್ತಾರೆ. ಒಂದು ಸಲ ಬಂದು ನೋಡಿಕೊಂಡು ಹೋಗು, ಕೆಲಸ ಗಿಲಸ ಆಮೇಲೆ ನೋಡಿಕೊಂಡರಾಯಿತು ಅನ್ನುತ್ತಾರೆ. ಬಸ್ಸಿನಲ್ಲಿ ಜೊತೆಗೆ ಬಂದವರು ಕಿಟಕಿಯಾಚೆ ನೋಡುತ್ತಾ ಕೂರುತ್ತಾರೆ, ಬಲವಂತ ಮಾಡಿ ಕಾಫಿ ಕುಡಿಸುತ್ತಾರೆ. ಮನೆಯ ಮುಂದೆ ಜನ ಗುಂಪುಗೂಡಿದ್ದು ಕಾಣುವ ಹೊತ್ತಿಗೆ ಮನಸ್ಸು ತಾನೇ ಅಲ್ಲಿಗೆ ಬಂದು ನಿಂತಿರುತ್ತದೆ. ಹೇಳುವವರೂ ಹೇಳುವುದಿಲ್ಲ, ಕೇಳುವವರೂ ಕೇಳುವುದಿಲ್ಲ. ಎಲ್ಲ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ.

ನನಗೂ ಹಾಗೇ ಬಂದದ್ದು. ಮೈಸೂರಿನಿಂದ ನನ್ನ ತಮ್ಮ ಫೋನು ಮಾಡಿದ. “ಅಕ್ಕ, ಅಪ್ಪಂಗೆ ಸ್ವಲ್ಪ ಸೀರಿಯಸ್ಸು. ಟಿಕೆಟ್ ಸಿಗುತ್ತಾ ನೋಡು” ಅಂದ. ಸೀರಿಯಸ್ಸು ಅನ್ನುವ ಮಾತು ಅವನ ಬಾಯಿಂದ ಪೂರ್ತಿ ಹೊರಬೀಳುವ ಮೊದಲೇ ನನಗೆ ಅರ್ಥವಾಗಿತ್ತು. ಸರಿ ನೋಡ್ತೀನಿ ಅಂದೆ. ಟಿಕೆಟ್ ಸಿಗುವುದಿಲ್ಲ ಅಂತ ಅವನಿಗೂ ಗೊತ್ತಿತ್ತು.

ಅಟ್ಲಾಂಟಾದಿಂದ ಬಂದ ಮೇಲೆ ಅಂಕಲ್ಲಿಗೆ ಈ ಸುದ್ದಿಯ ಮೊದಲ ಮೆಟ್ಟಿಲು ಹತ್ತಿಸಿದೆ. ಗ್ಯಾರೇಜಿನವನು ಸಿಕ್ಕಿದ್ದ, ಟಾಪು ನಿಮ್ಮದೇ ಅನ್ನಿಸುತ್ತದೆ, ಆದರೆ ತಳ ಸ್ವಲ್ಪ ಹಾಳಾಗಿತ್ತಂತೆ ಅಂದೆ. ಸ್ವಲ್ಪ ಅನ್ನುವಾಗ ನಮ್ಮವರು ಹೇಳುವ ಹಾಗೇ ದನಿ ಇಳಿಸಿ ಹೇಳಿದೆ. ನಮ್ಮ ಮನೆಯ ಯಾರಾದರೂ ಆಗಿದ್ದರೆ ಅಲ್ಲಿಗೇ ಕುರ್ಚಿ ಎಳೆದುಕೊಂಡು ಕೂತಿರುತ್ತಿದ್ದರು. ಇವರು ತೊಡೆ ತಟ್ಟಿಕೊಂಡರು. ತಳ ಹಾಳಾಗದೆ ಇರುತ್ತದಾ, ಅದು ಆಗಲೇ ಹಾಳಾಗಿತ್ತು, ಅದಕ್ಕೇ ತಾನೆ ಬೋರ್ಡು ಹಾಕಿದ್ದು ಅಂತ ನಕ್ಕರು.

ಮಾರನೆಯ ದಿನದಿಂದ ಅವರ ಮನೆಯ ಮುಂದೆ ಒಂದು ಗಿಡ್ಡ ಸ್ಟೂಲು ಬಂತು. ಹಾಟ್ ರಾಡಿನ ಸೀಟು ನೆಲಕ್ಕೆ ಹತ್ತಿರವಂತೆ, ಮಂಡಿ ಬಗ್ಗದಿದ್ದರೆ ಒಳಗೆ ಹೋಗಲಾಗದು. ಫಿಸಿಯೋಥೆರಪಿಯವಳಿಗೆ ಹೇಳಿ ಅದಕ್ಕೇ ಅಂತ ವ್ಯಾಯಾಮ ಹಾಕಿಸಿಕೊಂಡಿದ್ದರು. ಗ್ಯಾರೇಜಿನ ಬಾಗಿಲು ಹಿಡಿದುಕೊಂಡು ಸ್ಟೂಲಿನ ಮೇಲೆ ಕೂರುವುದು, ಹಲ್ಲು ಕಚ್ಚಿ ಏಳುವುದು, ಮತ್ತೆ ಕೂರುವುದು. ನಾನು ಮೇಲಿನ ಕೋಣೆಯ ಕಿಟಕಿಯಿಂದ ನೋಡುತ್ತಿದ್ದೆ. ಪಾಪ ಅನ್ನಿಸಬೇಕಿತ್ತು. ನೋಡಿದೆ, ಆಮೇಲೆ ಮೀಟಿಂಗಿಗೆ ಕ್ಯಾಮೆರಾ ಆನ್ ಮಾಡಿದೆ.

ಎರಡನೆಯ ಮೆಟ್ಟಿಲು ಹತ್ತಿಸಿದೆ. ಕಾರಿನ ಸ್ಥಿತಿ ನಾವು ಅಂದುಕೊಂಡದ್ದಕ್ಕಿಂತ ಗಂಭೀರವಾಗಿದೆ, ನೀವು ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ, ಹೊತ್ತಿಗೆ ಸರಿಯಾಗಿ ಊಟ ಮಾಡಿ ಅಂದೆ. ಇಷ್ಟು ಹೇಳಿದರೆ ಕಲ್ಲಿಗೂ ತಿಳಿಯುತ್ತದೆ ಅಂತ ನನ್ನ ಲೆಕ್ಕ. ಊಟಕ್ಕೂ ಕಾರಿಗೂ ಏನು ಸಂಬಂಧ ಅಂತ ಅವರಿಗೆ ಆಶ್ಚರ್ಯವಾಯಿತೇ ಹೊರತು ಬೇರೇನೂ ತಿಳಿಯಲಿಲ್ಲ. ನಮ್ಮ ಕೈಗೆ ಬಂದಾಗ ಅದು ಇನ್ನೂ ಗಂಭೀರವಾಗಿತ್ತು, ಕೋಳಿ ಮೊಟ್ಟೆ ಇಡುತ್ತಿತ್ತು ಅದರಲ್ಲಿ ಅಂದರು. ವರ್ಜೀನಿಯಾದವರಿಗೆ ತಾವೇ ಫೋನು ಮಾಡಿ ಒಂದು ಶನಿವಾರ ಗೊತ್ತುಮಾಡಿಕೊಂಡೂ ಬಿಟ್ಟರು. ಕರೆದುಕೊಂಡು ಹೋಗುವವಳು ನಾನೇ ಅನ್ನುವುದರಲ್ಲಿ ಅವರಿಗೆ ಅನುಮಾನವೇ ಇರಲಿಲ್ಲ.

“ಈಗಲಾದ್ರೂ ಹೇಳ್ಬಿಡೇ” ಅಂದರು ಯಜಮಾನರು. ನಿಧಾನಕ್ಕೆ ಹೇಳು ಅಂದವರೂ ಅವರೇ.

“ಅಲ್ಲಿ ಹೋಗಿ ನೋಡಿದ್ರೆ ಅವರಿಗೇ ಗೊತ್ತಾಗುತ್ತೆ ಬಿಡಿ, ರೀ” ಅಂದೆ.

ನಾನು ನಿಜವಾಗಿಯೂ ಹಾಗೇ ನಂಬಿದ್ದೆ. ಪ್ರಯಾಣ ಅನ್ನುವುದು ಇರುವುದೇ ಅದಕ್ಕೆ ಅಂದುಕೊಂಡಿದ್ದೆ. ಬೆಳಿಗ್ಗೆ ಹೊರಟೆವು. ಅವರು ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು, ಗಡ್ಡ ನೀಟಾಗಿ ಕೆರೆದಿದ್ದರು, ತಮ್ಮನ ಹಳೇ ಟೊಪ್ಪಿಯೊಂದನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದರು. ದಾರಿಯುದ್ದಕ್ಕೂ ಮಾತು. ನಾನು ರಸ್ತೆ ನೋಡುತ್ತಾ ಕೂತೆ, ರೆಸ್ಟ್ ಏರಿಯಾದಲ್ಲಿ ಬಲವಂತ ಮಾಡಿ ಕಾಫಿ ಕುಡಿಸಿದೆ. ಅವರು ಕಾಫಿ ಚೆನ್ನಾಗಿದೆ ಅಂದರು.

ವರ್ಜೀನಿಯಾದವರು ಗ್ಯಾರೇಜಿನ ಬಾಗಿಲು ಎತ್ತಿ, ನಮ್ಮನ್ನು ಬಿಟ್ಟು ದೂರ ನಿಂತರು. ಒಳ್ಳೆಯ ಮನುಷ್ಯ. ಅಂಕಲ್ ಮೊದಲು ಎಡಗಡೆಯ ಕಂಬ ಮುಟ್ಟಿದರು. ಒಳಗೆ ಕೈ ಹಾಕಿ ಬೆಸುಗೆಯ ಗಂಟನ್ನು ಬೆರಳಿನಲ್ಲಿ ಹುಡುಕಿ, ಇದು ನಮ್ಮದು, ಇದು ಅವನದ್ದೇ ಕೈ ಅಂದರು. ಬಾಗಿಲು ತೆಗೆದರು. ಬಾಗಿಲು ಮುಚ್ಚಿಕೊಳ್ಳುವ ಸದ್ದು ಬೇರೆಯಾಗಿತ್ತೋ ಏನೋ, ತೆಗೆದು ಮುಚ್ಚಿ, ತೆಗೆದು ಮುಚ್ಚಿ ಮಾಡಿದರು. ಆಮೇಲೆ ಒಂದು ಮಂಡಿ ಊರಿ, ಅಷ್ಟು ದಿನ ಅಭ್ಯಾಸ ಮಾಡಿದ ಆ ಮಂಡಿಯನ್ನೇ ಊರಿ, ಒಳಗಿನ ಮ್ಯಾಟು ಎತ್ತಿದರು. ಬದಿಯ ತಗಡುಗಳ ಮೇಲೆ ಕೈಯಾಡಿಸಿದರು. ಬಹಳ ಹೊತ್ತು ಹಾಗೇ ಇದ್ದರು. ಎಬ್ಬಿಸಲು ಹೋದೆ, ಕೈ ತಳ್ಳಿದರು.

“ಟಾಪೊಂದೇ ನಮ್ಮದು, ಅಲ್ಲವಾ?” ಅಂತ ಇಂಗ್ಲಿಷಿನಲ್ಲಿ ಕೇಳಿದರು.

ನಾನು ತಲೆ ಆಡಿಸಿದೆ. ಅವರು ನನ್ನ ಕಡೆ ನೋಡದೆ, ತಲೆ ಆಡಿಸಬೇಡ, ಬಾಯಲ್ಲಿ ಹೇಳು ಅಂದರು.

“ಹೌದು. ಮಿಕ್ಕದ್ದೆಲ್ಲ ಗುಜರಿಗೆ ಹೋಗಿದೆ. ನಿಮ್ಮ ಕಾರು ಇಲ್ಲ” ಅಂದೆ.

ಅಟ್ಲಾಂಟಾದಲ್ಲೇ ಗೊತ್ತಿತ್ತಾ ಅಂದರು. ಗೊತ್ತಿತ್ತು ಅಂದೆ. ಮತ್ತೆ ನಾನು ದಿನಾ ಆ ಸ್ಟೂಲಿನ ಮೇಲೆ ಎದ್ದು ಕೂತು ಮಾಡುತ್ತಿದ್ದದ್ದನ್ನು ನೀನು ಕಿಟಕಿಯಿಂದ ನೋಡುತ್ತಿದ್ದೆಯಲ್ಲ ಅಂದರು. ನಾನು ಬಗ್ಗಿ, ಅವರು ಎತ್ತಿದ್ದ ಮ್ಯಾಟನ್ನು ಮತ್ತೆ ಹಾಸಿದೆ. ವರ್ಜೀನಿಯಾದವರು ಹತ್ತಿರ ಬಂದು, ಬೇಕಾದರೆ ಕೂತು ನೋಡಿ, ಒಂದು ಸುತ್ತು ಹೋಗಿ ಬರೋಣ ಅಂದರು. ಅಂಕಲ್ ಬೇಡ ಅಂದರು. ನಾವಿಬ್ಬರೂ ಕಾಲಿಟ್ಟು ಕೂತದ್ದು ತಳದ ಮೇಲೆ, ಟಾಪಿನ ಮೇಲಲ್ಲ ಅಂತ ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಹೇಳಿದರು. ಆದರೂ ಆ ಮನುಷ್ಯನ ಕೈ ಕುಲುಕಿ, ಕಾರು ಚೆನ್ನಾಗಿ ಇಟ್ಟುಕೊಂಡಿದ್ದೀರಿ ಅಂತ ಹೊಗಳಿಯೇ ಹೊರಟರು.

ವಾಪಸು ಬರುವಾಗ ಅವರ ಬಾಯಿಗೆ ಬೀಗ. ನನಗೆ ಮೊದಲು ಸಿಟ್ಟೇ ಬಂತು. ಇಷ್ಟು ದೂರ ಡ್ರೈವ್ ಮಾಡಿಕೊಂಡು ಕರೆತಂದದ್ದಕ್ಕೆ ಇದಾ ಅಂತ. ಹೃದಯ ಸರಿಯಿಲ್ಲದ ಮನುಷ್ಯನಿಗೆ ರಪ್ಪನೆ ಮುಖಕ್ಕೆ ಹೊಡೆದ ಹಾಗೆ ಹೇಳಬೇಕಿತ್ತಾ? ಒಳಗೊಳಗೇ ಅವರ ಜೊತೆ ಜಗಳ ಆಡಿದೆ, ಎಲ್ಲದರಲ್ಲೂ ನಾನೇ ಗೆದ್ದೆ. ರಿಚ್ಮಂಡ್ ದಾಟಿದ ಮೇಲೆ ಜಗಳಕ್ಕೂ ಸುಸ್ತಾಯಿತು.

ಆಗ ಅವರೇ ಕೇಳಿದರು, ನಿಮ್ಮ ಕಡೆ ಎಲ್ಲರೂ ಹೀಗೇ ಹೇಳುತ್ತಾರಾ ಅಂತ. ದನಿಯಲ್ಲಿ ಸಿಟ್ಟಿರಲಿಲ್ಲ. ಹೂಂ ಅಂದೆ. ಕೇಳುವವರಿಗೆ ತಾನಾಗಿಯೇ ತಿಳಿಯುತ್ತದೆ, ಅದಕ್ಕೇ ಮೆಟ್ಟಿಲು ಮೆಟ್ಟಿಲಾಗಿ ಹೇಳುತ್ತೇವೆ ಅಂದೆ. ಉದಾಹರಣೆಗೆ ಅಂತ ನನ್ನ ತಮ್ಮನ ಫೋನಿನ ವಿಷಯ ಹೇಳಿದೆ. ಸೀರಿಯಸ್ಸು ಅಂದದ್ದು, ಟಿಕೆಟ್ ನೋಡು ಅಂದದ್ದು, ನಾನು ಸರಿ ಅಂದದ್ದು. ಎಲ್ಲ ಎಷ್ಟು ಸುಸೂತ್ರವಾಗಿ ನಡೆಯುತ್ತದೆ ನೋಡಿ ಅನ್ನುವ ಹಾಗೆ ಹೇಳಿದೆ.

ಅವರು ತೊಡೆಯ ಮೇಲಿನ ಟೊಪ್ಪಿಯನ್ನು ಒಂದು ಸುತ್ತು ತಿರುಗಿಸಿ ಕೇಳಿದರು. “ಹಾಗಾದರೆ, ಅವರು ಸತ್ತರು ಅಂತ ನಿನಗೆ ಹೇಳಿದ್ದು ಯಾರು?”

ಯಾರು ಅಂತ ನೆನಪು ಮಾಡಿಕೊಂಡೆ. ತಮ್ಮ ಹೇಳಿರಲಿಲ್ಲ. ಅಮ್ಮ ಫೋನಿನಲ್ಲಿ, ಮಕ್ಕಳಿಗೆ ಊಟ ಹಾಕಿದೆಯಾ ಅಂದಿದ್ದರು. ಚಿಕ್ಕಮ್ಮ, ನೀನು ಧೈರ್ಯವಾಗಿರಬೇಕು ಅಂದಿದ್ದರು. ಸ್ಮಶಾನದಿಂದ ವಿಡಿಯೋ ಕಾಲ್ ಹಿಡಿದಿದ್ದ ಹುಡುಗ ಒಂದು ಮಾತೂ ಆಡಿರಲಿಲ್ಲ, ಅದರಲ್ಲಿ ಕಂಡದ್ದು ಬಿಳೀ ಪ್ಲಾಸ್ಟಿಕ್ಕಿನ ಗಂಟು ಮಾತ್ರ. ಯಜಮಾನರು ಲ್ಯಾಪ್‌ಟಾಪು ಮುಚ್ಚಿ, ಕಾಫಿ ಮಾಡಿಕೊಡಲಾ ಅಂದಿದ್ದರು. ನಾನೂ ಮಕ್ಕಳಿಗೆ ಹೇಳಿರಲಿಲ್ಲ, ತಾತ ಹೋದರು ಅಂದಿದ್ದೆ, ಎಲ್ಲಿಗೆ ಅಂತ ಚಿಕ್ಕವಳು ಕೇಳಿದ್ದಳು.

“ಯಾರೂ ಹೇಳಲಿಲ್ಲ” ಅಂದೆ.

ಅವರು ಎಸಿಯ ಸದ್ದು ಕಡಿಮೆ ಮಾಡಿದರು. ಸೀಟ್‌ಬೆಲ್ಟು ಬಿಟ್ಟಷ್ಟು ನನ್ನ ಕಡೆ ತಿರುಗಿದರು.

“ಸರಿ, ನಾನು ಹೇಳುತ್ತೇನೆ. ನಿನ್ನ ತಂದೆ ಸತ್ತುಹೋಗಿದ್ದಾರೆ.”

ಮೂಗು ಉರಿಯಿತು, ಕಣ್ಣು ಮಂಜಾಯಿತು. ಇಲ್ಲಿ ಜೋರಾಗಿ ಓಡಿಸುವವರ ಎಡಗಡೆಯ ಲೇನಿನಲ್ಲಿದ್ದೆ. ಇಂಡಿಕೇಟರ್ ಹಾಕಿ, ಒಂದೊಂದೇ ಲೇನು ದಾಟಿ, ರಸ್ತೆಯ ಬಲಬದಿಗೆ ತಂದು ನಿಲ್ಲಿಸುವವರೆಗೆ ತಡೆದುಕೊಂಡೆ. ಆಮೇಲೆ ತಡೆಯಲಾಗಲಿಲ್ಲ. ಸ್ಟಿಯರಿಂಗಿನ ಮೇಲೆ ತಲೆ ಇಟ್ಟು, ಅಪ್ಪಾ ಅಂತ ಬಾಯಿಬಿಟ್ಟು ಅತ್ತೆ. ಅವರು ಸಮಾಧಾನ ಮಾಡಲಿಲ್ಲ, ಬೆನ್ನು ತಟ್ಟಲಿಲ್ಲ. ಕೈ ಚಾಚಿ ಹ್ಯಾಜರ್ಡ್ ಲೈಟಿನ ಬಟನ್ನು ಒತ್ತಿದರು, ನಾನು ಮುಗಿಸುವವರೆಗೆ ಸುಮ್ಮನೆ ಕೂತಿದ್ದರು.